ಟೀವಿ ಶುರುವಾಗುವ ಮೊದಲಿನ ಹುಡುಗಿ

ಮಾರುಕಟ್ಟೆಯ ಗಾಜಿನ ಸೂರಿಗೆ ಇನ್ನೂ ಬೆಳಕು ತಾಗಿಲ್ಲ. ಮೀನಿನವನು ಹಲಗೆಯ ಮೇಲೆ ಮಂಜುಗಡ್ಡೆ ಸುರಿಯುತ್ತಿದ್ದಾನೆ. ಚಹಾದ ಅಂಗಡಿಯಲ್ಲಿ ಹಂದಿಮಾಂಸ ಹುರಿಯುವ ವಾಸನೆ ಈಗಷ್ಟೇ ಎದ್ದಿದೆ. ಮೆಟ್ಟಿಲ ಕೆಳಗಿನ ಗೂಡಿನಂಥ ಮಳಿಗೆಯಲ್ಲಿ ನೋರೀನ್ ಗ್ರೀನ್‌ವುಡ್ ಹಳೆಯ ಮರದ ಪೆಟ್ಟಿಗೆಯ ಟೀವಿಯೊಂದರ ಬೆನ್ನ ಹಿಂದೆ ಮಂಡಿಯೂರಿದ್ದಾರೆ. ಟೀವಿಯ ಮುಂದಿನ ಕುರ್ಚಿಯಲ್ಲಿ ಮುಖ ನೋಡಿಕೊಳ್ಳುವ ಕನ್ನಡಿಯೊಂದನ್ನು ಆನಿಸಿ ಇಟ್ಟಿದ್ದಾರೆ. ತಿರುಗಿಸುವ ಗುಂಡಿಗಳು ಹಿಂದೆ, ಚಿತ್ರ ಮುಂದೆ. ಕೈ ಒಂದು ಕಡೆ ದುಡಿಯುವಾಗ ಕಣ್ಣು ಇನ್ನೊಂದು ಕಡೆ ಇರಬೇಕಲ್ಲ, ಅದಕ್ಕೆ ಕನ್ನಡಿ.

"ಬಾರೋ ಬಂಗಾರಾ, ಆದ್ರ ತಂತಿ ತುಳೀಬ್ಯಾಡ. ತುಳಿದಿ ಅಂದ್ರ ಕೂದ್ಲ ನೆಟ್ಟಗ ನಿಂತಾವು. ಇರೂ ನಾಕನ್ನಾದ್ರೂ ಉಳಿಸ್ಕೋ" ಎನ್ನುತ್ತಾರೆ ನನಗೆ, ತಲೆ ಎತ್ತದೆ.

ಯಾರ್ಕ್‌ಶೈರಿನ ಈ ಕಣಿವೆಯಲ್ಲಿ ಎಲ್ಲರೂ ಎಲ್ಲರಿಗೂ ಬಂಗಾರವೇ, ಬಸ್ಸಿನ ಡ್ರೈವರಿನಿಂದ ಹಿಡಿದು ಹಲ್ಲು ಕೀಳುವ ಡಾಕ್ಟರ ತನಕ.

ಟೀವಿಯೊಳಗಿನ ವಾಲ್ವುಗಳು, ಬಲ್ಬಿನಂಥ ಗಾಜಿನ ಕೊಳವೆಗಳು, ಕೆಂಪಗಾಗುತ್ತವೆ. ಕಾದ ದೂಳಿನ ವಾಸನೆ ಬರುತ್ತದೆ. ಬೂದಿ ಬಣ್ಣದ ಗಾಜಿನ ಮೇಲೆ ಮೊದಲು ಗೆರೆಗಳು, ಆಮೇಲೆ ಚೌಕಗಳು, ಆಮೇಲೆ ನಟ್ಟನಡುವೆ ಒಂದು ವೃತ್ತ ಮೂಡುತ್ತದೆ. ವೃತ್ತದೊಳಗೆ ಕರಿಹಲಗೆಯ ಪಕ್ಕ ಕೂತ ಒಬ್ಬ ಹುಡುಗಿ, ಜೊತೆಗೊಂದು ಬಟ್ಟೆಯ ಗೊಂಬೆ. ಹುಡುಗಿ ಕದಲುವುದಿಲ್ಲ, ಗೊಂಬೆಯೂ ಕದಲುವುದಿಲ್ಲ. ಹಿಂದಿನಿಂದ ಪಿಟೀಲು, ತುತ್ತೂರಿ ಕೂಡಿದ ಹಗುರವಾದ ಸಂಗೀತ ಮಾತ್ರ ಹರಿಯುತ್ತಿರುತ್ತದೆ.

ಇದನ್ನು ಇಲ್ಲಿಯವರು ಕಾರ್ಡು ಎನ್ನುತ್ತಾರೆ. ನಮ್ಮ ಕಡೆ ದೂರದರ್ಶನ ಶುರುವಾಗುವ ಮುಂಚೆ ಬಣ್ಣದ ಪಟ್ಟಿಗಳು ನಿಂತಿರುತ್ತಿದ್ದವಲ್ಲ, ಹಾಗೆ. ಆಗ ಇಡೀ ದಿನ ಕಾರ್ಯಕ್ರಮ ಇರಲಿಲ್ಲ. ಬಿಡುವಿನ ಹೊತ್ತಿನಲ್ಲಿ ಈ ಚಿತ್ರ ಹಾಕಿ ಬಿಡುತ್ತಿದ್ದರು. ಅಂಗಡಿಯವರು, ರಿಪೇರಿಯವರು ಅದನ್ನು ನೋಡಿಕೊಂಡು ಟೀವಿ ಸರಿಮಾಡುತ್ತಿದ್ದರು. ಆಮೇಲೆ ಗಡಿಯಾರ ಬರುತ್ತಿತ್ತು, ನಿಲಯದ ರಾಗ ಮೊಳಗುತ್ತಿತ್ತು, ಗಂಭೀರ ಗಂಟಲಿನವರೊಬ್ಬರು ಶುಭೋದಯ ಹೇಳುತ್ತಿದ್ದರು, ಆಗ ಪ್ರಸಾರ ಶುರು. ಈಗ ಯಾವ ನಿಲಯವೂ ಮಲಗುವುದಿಲ್ಲ, ಹಾಗಾಗಿ ಏಳುವುದೂ ಇಲ್ಲ. ಅದಕ್ಕೇ ನೋರೀನ್ ಟೀವಿಗೆ ಸಿಕ್ಕಿಸುವ ಒಂದು ಪುಟ್ಟ ಡಬ್ಬಿ ಕಟ್ಟಿಕೊಂಡಿದ್ದಾರೆ. ಕಾರ್ಡು, ರಾಗ, ಗಡಿಯಾರ ಎಲ್ಲ ಅದರೊಳಗಿವೆ.

"ವೃತ್ತ ದುಂಡಗಿದ್ರ ಟೀವಿ ಆರೋಗ್ಯ ಅಂತ ಅರ್ಥ. ಮೊಟ್ಟಿ ಆತು ಅಂದ್ರ ಜ್ವರ ಬಂದೈತಿ" ಎನ್ನುತ್ತಾರೆ ನೋರೀನ್, ಮಂಡಿ ಹಿಡಿದುಕೊಂಡು ಏಳುತ್ತಾ. ಅವರಿಗೆ ಎಪ್ಪತ್ತು ದಾಟಿದೆ.

ಹದಿನಾರನೇ ವಯಸ್ಸಿಗೆ ಟೀವಿ ಬಾಡಿಗೆಗೆ ಕೊಡುವ ಅಂಗಡಿಗೆ ಸೇರಿದವರು ಇವರು. ಸೇರಿಸಿಕೊಂಡದ್ದು ಚಹಾ ಮಾಡಲು. ಒಂದು ಚಳಿಗಾಲ ರಿಪೇರಿಯವನು ನೆಗಡಿ ಹಿಡಿದು ಮಲಗಿದ. ಟೀವಿಗಳು ಗೋಡೆಯುದ್ದಕ್ಕೂ ಸಾಲುಗಟ್ಟಿದವು. ನೋರೀನ್ ಒಂದನ್ನು ಬಿಚ್ಚಿ ನೋಡಿದರು. ಆಮೇಲೆ ಚಹಾ ಮಾಡುವ ಕೆಲಸ ಬೇರೆಯವರಿಗೆ ಹೋಯಿತು.

"ಗಿರಾಕಿಗಳು ಬಂದು ನನ್ನ ಮುಖಾ ನೋಡಿ, ಗಂಡಸ್ರು ಯಾರೂ ಇಲ್ಲೇನ ಅಂತ ಕೇಳ್ತಿದ್ರು. ಅದಾರಲ್ಲ, ಒಳಗ ಚಹಾ ಮಾಡಾಕತ್ತಾರ, ಕರೀಲೇನು ಅಂತಿದ್ದೆ."

ಕಷ್ಟವನ್ನು ಕೇಳಿದರೆ ಕೈ ಬಿಡಿಸಿ ತೋರಿಸುತ್ತಾರೆ. ಬೆರಳ ತುದಿಗಳಲ್ಲಿ ಬಿಳಿಯ ಕಲೆಗಳಿವೆ, ಬೆಸುಗೆಯ ಕಡ್ಡಿ ಮುಟ್ಟಿದ ಗುರುತು. ಟೀವಿ ಹೊತ್ತು ಮೆಟ್ಟಿಲು ಹತ್ತಿ ಹತ್ತಿ ಸೊಂಟ ಹೋಗಿದೆ. ಒಮ್ಮೆ ಕರೆಂಟು ಹೊಡೆದು ಗಿರಾಕಿಯ ಮನೆಯ ಸೋಫಾದ ಮೇಲೆ ಹೋಗಿ ಬಿದ್ದದ್ದುಂಟು. "ಸೋಫಾ ಮೆತ್ತಗಿತ್ತು, ಅದಕ್ಕ ಅಲ್ಲೇ ಒಂದು ಚಹಾನೂ ಕುಡುದು ಬಂದೆ." ಚಪ್ಪಟೆ ಟೀವಿ ಬಂದ ಮೇಲೆ ಬಾಡಿಗೆ ಅಂಗಡಿ ಮುಚ್ಚಿತು. ಈಗ ಹೊಟ್ಟೆ ಹೊರೆಯುವುದು ಕಸ ಎಳೆಯುವ ಯಂತ್ರ, ಮೇಜಿನ ದೀಪ, ಬ್ರೆಡ್ಡು ಸುಡುವ ಡಬ್ಬಿ, ಇಂಥವುಗಳ ರಿಪೇರಿಯಿಂದ. ಹಳೆಯ ಟೀವಿ ಅಪರೂಪಕ್ಕೆ ಬರುತ್ತದೆ, ಯಾರದೋ ಅಟ್ಟದಿಂದ, ಕಂಬಳಿ ಸುತ್ತಿಕೊಂಡು. ಅದು ಬಂದ ದಿನ ನೋರೀನ್ ನಸುಕಿನಲ್ಲೇ ಬಾಗಿಲು ತೆಗೆಯುತ್ತಾರೆ. ಸಂತೆ ಗದ್ದಲ ಏಳುವ ಮೊದಲು ಅದರ ಉಸಿರು ಕೇಳಿಸಿಕೊಳ್ಳಬೇಕಂತೆ.

ಈಗ ಮುಂದಿರುವುದು ವಿಲ್ಫ್ ಮತ್ತು ಜೆಸ್ಸಿ ಆಕ್ರಾಯ್ಡ್ ದಂಪತಿಯ ಟೀವಿ. ವಿಲ್ಫ್ ನಾನು ದುಡಿಯುತ್ತಿದ್ದ ಉಣ್ಣೆಯ ಗಿರಣಿಯಲ್ಲೇ ರಾತ್ರಿ ಪಾಳಿಯಲ್ಲಿದ್ದವರು, ನನಗೆ ಅಂದಿನಿಂದ ಗೊತ್ತು. ಜೆಸ್ಸಿ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಿದ್ದವರು. ಈ ಶನಿವಾರ ಅವರ ಮದುವೆಗೆ ಅರವತ್ತು ವರ್ಷ ತುಂಬುತ್ತದೆ. ಅದೇ ಶನಿವಾರ ಪ್ರಾರ್ಥನಾ ಮಂದಿರದ ಹಿಂದಿನ ಸಭಾಂಗಣದಲ್ಲಿ ಕಾರ್ಡಿನ ಗೆಳೆಯರ ವಾರ್ಷಿಕ ಕೂಟ. ನಿವೃತ್ತ ಎಂಜಿನಿಯರುಗಳು, ರಿಪೇರಿಯವರು, ಪ್ರಸಾರ ಗೋಪುರ ಹತ್ತುತ್ತಿದ್ದವರು ಕುರ್ಚಿ ಹಾಕಿಕೊಂಡು ಕೂತು, ಕದಲದ ಚಿತ್ರವನ್ನು ಬೆಳಗಿನ ತುಂಬ ನೋಡುತ್ತಾರೆ. ಆಮೇಲೆ ಹಿಂದಿನ ಕಾಲದಂತೆಯೇ ಗಡಿಯಾರ, ರಾಗ, ಶುಭೋದಯ ಎಲ್ಲ ಆಗಿ ನಿಲಯ ಶುರುವಾಗುತ್ತದೆ. ಎಲ್ಲರೂ ಚಪ್ಪಾಳೆ ತಟ್ಟಿ ಊಟಕ್ಕೆ ಏಳುತ್ತಾರೆ. ವರ್ಷಕ್ಕೊಂದು ಟೀವಿಗೆ ಆ ದಿನದ ಪಟ್ಟ. ಈ ಸಲ ಆಕ್ರಾಯ್ಡರದು.

ಮಧ್ಯಾಹ್ನ ದಂಪತಿ ಬರುತ್ತಾರೆ. ನೋರೀನ್ ಕುರ್ಚಿ ಒರೆಸಿ ಕೂರಿಸುತ್ತಾರೆ. ಕಾರ್ಡು ಮೂಡುತ್ತದೆ. ವೃತ್ತ ಹುಣ್ಣಿಮೆಯ ಚಂದ್ರನಂತೆ ದುಂಡಗಿದೆ.

ಜೆಸ್ಸಿ ಕನ್ನಡಕ ಏರಿಸಿ ನೋಡುತ್ತಾರೆ. "ಚಂದ ಐತಿ" ಎನ್ನುತ್ತಾರೆ.

"ಭಾಳ ಚಂದ ಐತಿ" ಎನ್ನುತ್ತಾರೆ ವಿಲ್ಫ್.

ಬೀಗರ ಮನೆಯಲ್ಲಿ ಉಪ್ಪಿಲ್ಲದ ಸಾರು ಕುಡಿದವರ ದನಿ ಅದು. ನೋರೀನ್ ಸೊಂಟದ ಮೇಲೆ ಕೈಯಿಡುತ್ತಾರೆ. "ಜೆಸ್ಸಿ, ಏನಾತು? ಬಾಯಿ ಬಿಟ್ಟು ಹೇಳು."

"ಏನಿಲ್ಲ ಬಂಗಾರಾ. ಇದು ಯಾರ ಮಗಳೋ ಏನೋ. ನಮ್ಮಾಕಿ ಗಲ್ಲ ದಪ್ಪ ಇದ್ವು."

"ಜೆಸ್ಸಿ, ಸುಮ್ಕಿರ. ಪಾಪ, ಎಷ್ಟು ಕಷ್ಟಪಟ್ಟಾಳ."

"ನಾ ಎಲ್ಲಿ ಬೈದೆ? ದಪ್ಪ ಇದ್ಲು ಅಂದೆ, ಅಷ್ಟ."

ಮಾತು ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ. ವಿಲ್ಫ್ ಗಿರಣಿಯಿಂದ ಬರುವುದಕ್ಕೂ ಜೆಸ್ಸಿ ಬಸ್ಸಿಗೆ ಹೊರಡುವುದಕ್ಕೂ ನಡುವೆ ಒಂದಿಷ್ಟು ಹೊತ್ತು. ಇಬ್ಬರೂ ಎದುರಾಬದುರು ಕೂರುತ್ತಿದ್ದದ್ದು ಆಗಷ್ಟೇ. ಆ ಹೊತ್ತಿಗೆ ಟೀವಿಯಲ್ಲಿ ಕಾರ್ಡು ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ.

"ನಮಗ ಮಕ್ಕಳಾಗ್ಲಿಲ್ಲ" ಎನ್ನುತ್ತಾರೆ ಜೆಸ್ಸಿ, ಹವಾಮಾನ ಹೇಳುವ ಹಾಗೆ. "ದಿನಾ ಮುಂಜಾನಿ ಆಕಿ ಬರಾಕಿ. ನಾ ಚಹಾ ಸುರಕೋತ, ಏನವಾ, ಶಾಲಿಗೆ ಹೋಗಂಗಿಲ್ಲೇನ ಅಂತಿದ್ದೆ. ಇವಾ ಬ್ರೆಡ್ಡಿಗೆ ಬೆಣ್ಣಿ ಹಚಗೋತ, ಬಿಡ, ಇವತ್ತೊಂದಿನ ಮನ್ಯಾಗ ಇರ್ಲಿ ಅಂತಿದ್ದ. ದಿನಾ ಅದ ಮಾತು."

"ಒಂದಿನಾನೂ ಶಾಲಿಗೆ ಕಳಸ್ಲಿಲ್ಲ" ಎಂದು ವಿಲ್ಫ್ ನಗುತ್ತಾರೆ.

ನೋರೀನರಿಗೆ ಆಗ ತಿಳಿಯುತ್ತದೆ. ಆ ಟೀವಿಯಲ್ಲಿ ಅಂದು ಒಂದು ವಾಲ್ವು ಸೋತಿತ್ತು, ತಾವು ಈಗ ಬದಲಿಸಿದ್ದು ಅದನ್ನೇ. ಚಿತ್ರ ಮೇಲಿನಿಂದ ಕೆಳಕ್ಕೆ ಕುಗ್ಗಿ, ವೃತ್ತ ಮಲಗಿಸಿದ ಮೊಟ್ಟೆಯಾಗಿತ್ತು. ಒಳಗಿನ ಹುಡುಗಿಯ ಮುಖ ಅಡ್ಡಕ್ಕೆ ಹರಡಿ ಗಲ್ಲ ತುಂಬಿಕೊಂಡಿತ್ತು. ರಿಪೇರಿಗೆ ಯಾಕೆ ಕೊಡಲಿಲ್ಲ ಎಂದರೆ, "ಕೊಟ್ರ ವಾರಗಟ್ಲೆ ಒಯ್ತಿದ್ರು. ಅಷ್ಟ ದಿನ ಆಕಿನ್ನ ಬಿಟ್ಟು ಹೆಂಗ ಇರೂದು?" ಎನ್ನುತ್ತಾರೆ ಜೆಸ್ಸಿ. ಹೊರಡುವಾಗ ನೋರೀನರ ತೋಳು ತಟ್ಟಿ, "ನೀ ಮನಸಿಗೆ ಹಚ್ಕೋಬ್ಯಾಡ. ಬೆಳದಾಳ ಬಿಡು, ಎಷ್ಟ ವರ್ಷ ಆತು" ಎಂದು ಹೋಗಿಬಿಡುತ್ತಾರೆ.

ನೋರೀನ್ ಆ ಸಂಜೆ ಬಹಳ ಹೊತ್ತು ಏನೂ ಮುಟ್ಟಲಿಲ್ಲ. "ದುಂಡಗ ಮಾಡಿ ಮಾಡಿ ಕೈ ಕುಂತೈತಿ ನೋಡು. ಬೇಕಂತ ಕೆಡಸು ಅಂದ್ರ ಕೇಳವಲ್ದು" ಎಂದರು. ಆದರೂ ಮರುದಿನ ನಸುಕಿನಲ್ಲಿ ಬಂದು, ಹಲ್ಲು ಕಚ್ಚಿಕೊಂಡು ಗುಂಡಿ ತಿರುಗಿಸಿ, ಅಂದಾಜಿನ ಮೇಲೆ ವೃತ್ತವನ್ನು ಮೊಟ್ಟೆ ಮಾಡಿ ಸಭಾಂಗಣಕ್ಕೆ ಸಾಗಿಸಿದರು.

ಶನಿವಾರ ಬೆಳಿಗ್ಗೆ ಸಭಾಂಗಣ ತುಂಬಿದೆ. ಶುಂಠಿ ಕೇಕಿನ ತಟ್ಟೆಗಳು, ದೊಡ್ಡ ಚಹಾ ಕೊಳಗ, ಎದುರು ಮೇಜಿನ ಮೇಲೆ ಆಕ್ರಾಯ್ಡರ ಟೀವಿ. ಮುಂದಿನ ಸಾಲಿನಲ್ಲಿ ದಂಪತಿ. ವಿಲ್ಫ್ ಕೋಟಿಗೆ ಹೂವು ಸಿಕ್ಕಿಸಿಕೊಂಡಿದ್ದಾರೆ. ನೋರೀನ್ ಟೀವಿಯ ಕಡೆ ನೋಡಿ ಅಲ್ಲೇ ನಿಂತುಬಿಡುತ್ತಾರೆ. ವೃತ್ತ ದುಂಡಗಿದೆ.

"ಯಾರು ಕೈ ಇಟ್ಟವ್ರು ಇದಕ್ಕ?"

"ನಾನ" ಎನ್ನುತ್ತಾರೆ ಕೂಟದ ಕಾರ್ಯದರ್ಶಿ ಡೆಸ್ಮಂಡ್ ಮಿಜ್ಲಿ. ಗುಡ್ಡದ ಮೇಲಿನ ಪ್ರಸಾರ ಗೋಪುರದಲ್ಲಿ ಆಯುಷ್ಯ ಕಳೆದವರು. ದನಿ ತಗ್ಗಿಸಿ, "ಮೊಟ್ಟಿ ಆಗಿತ್ತು. ನಿನಗ ವಯಸ್ಸಾತು ಅಂತ ನಾ ಯಾರಿಗೂ ಹೇಳಂಗಿಲ್ಲ ಬಿಡು" ಎನ್ನುತ್ತಾರೆ.

"ಡೆಸ್ಮಂಡ್, ನೀ ಒಳ್ಳೇ ಮನಷ್ಯಾ. ಹೋಗಿ ಒಂದು ಕೇಕ್ ತಿನ್ನು. ಎರಡು ತಿನ್ನು. ಆದ್ರ ಈ ಕಡೆ ಬರಬ್ಯಾಡ."

ನೋರೀನ್ ಟೀವಿಯ ಹಿಂದೆ ಮಂಡಿಯೂರುತ್ತಾರೆ. ಈ ಸಲ ಕನ್ನಡಿ ಇಲ್ಲ. "ಜೆಸ್ಸಿ, ನೀನ ಹೇಳು. ನಾ ತಿರುವ್ತೀನಿ."

"ಏನ್ ಹೇಳ್ಲಿ?"

"ನಿಮ್ಮಾಕಿ ಹೆಂಗಿದ್ಲೋ ಹಂಗ ಆಗೂ ತನಕ ಹೇಳು."

ಜೆಸ್ಸಿ ಒಮ್ಮೆ ಗಂಡನ ಮುಖ ನೋಡುತ್ತಾರೆ. ಕುರ್ಚಿಯ ಅಂಚಿಗೆ ಸರಿಯುತ್ತಾರೆ. "ಸ್ವಲ್ಪ ತಗ್ಗಸು."

ವೃತ್ತ ಕುಗ್ಗುತ್ತದೆ. ಹಿಂದಿನ ಸಾಲುಗಳಲ್ಲಿ ಎಂಜಿನಿಯರುಗಳು ಮಿಸುಕಾಡುತ್ತಾರೆ.

"ಇನ್ನಷ್ಟು."

"ಅಯ್ಯಯ್ಯೋ" ಎಂದು ಯಾರೋ ಮುಖ ಮುಚ್ಚಿಕೊಳ್ಳುತ್ತಾರೆ. "ನೋರೀನ್, ಗೆರಿ ಎಲ್ಲಾ ಬಗ್ಗಾಕತ್ತಾವ!"

"ಬಗ್ಗಲಿ" ಎನ್ನುತ್ತದೆ ಟೀವಿಯ ಹಿಂದಿನ ದನಿ.

"ಗಲ್ಲ ಇನ್ನೂ ಬಂದಿಲ್ಲ" ಎಂದು ವಿಲ್ಫ್ ಸೇರಿಕೊಳ್ಳುತ್ತಾರೆ. "ತಗ್ಗಸು, ತಗ್ಗಸು. ಭಾಳ ಆತು! ಗೊಂಬಿ ಕಪ್ಪಿ ಆತು ನೋಡು, ಸ್ವಲ್ಪ ಏರಸು."

"ನೀ ಸುಮ್ಕಿರ, ಆಕಿ ನನ್ನ ಕೇಳ್ಯಾಳ. ಏರಸು ಬಂಗಾರಾ. ಹಾಂ. ಒಂದು ಕೂದಲೆಳಿ ತಗ್ಗಸು."

ಡೆಸ್ಮಂಡ್ ಕಿಟಕಿಯ ಕಡೆ ತಿರುಗಿ ನಿಂತಿದ್ದಾರೆ, ಹಲ್ಲು ಕೀಳುವುದನ್ನು ನೋಡಲಾಗದವರ ಹಾಗೆ.

"ನಿಲ್ಸು!"

ಮೇಲೊಂದು ಕರಿಪಟ್ಟಿ, ಕೆಳಗೊಂದು ಕರಿಪಟ್ಟಿ, ನಡುವೆ ಮಲಗಿದ ಮೊಟ್ಟೆ, ಅದರೊಳಗೆ ಗಲ್ಲ ತುಂಬಿದ ಹುಡುಗಿ. ಜೆಸ್ಸಿ ಎದ್ದು ಹತ್ತಿರ ಹೋಗುತ್ತಾರೆ. ಸೆರಗಿಲ್ಲದ ಊರು, ಕೋಟಿನ ತೋಳಿನಿಂದಲೇ ಕಣ್ಣೊರೆಸಿಕೊಳ್ಳುತ್ತಾರೆ.

"ಎಲ್ಲಿ ಹೋಗಿದ್ಯವಾ ಇಷ್ಟು ದಿನಾ?"

"ಶಾಲಿಗೆ ಹೋಗಿದ್ಲೋ ಏನೋ" ಎನ್ನುತ್ತಾರೆ ವಿಲ್ಫ್. ಪಿಟೀಲು ತುತ್ತೂರಿಗಳು ಹೊಸ ರಾಗಕ್ಕೆ ಹೊರಳುತ್ತವೆ. ಅವರು ಹೆಂಡತಿಯ ಸೊಂಟಕ್ಕೆ ಕೈ ಹಾಕಿ ಅಲ್ಲೇ, ಮೇಜಿನ ಮುಂದೆ, ಮೆಲ್ಲಗೆ ಒಂದು ಸುತ್ತು ತಿರುಗುತ್ತಾರೆ. "ನನ್ನ ಕಾಲು ತುಳೀಬ್ಯಾಡೋ" ಎಂದು ಜೆಸ್ಸಿ ಬೈಯುವುದು ಹಿಂದಿನ ಸಾಲಿಗೂ ಕೇಳುತ್ತದೆ.

ನಿಲಯ ಶುರುವಾಗುವ ಹೊತ್ತು ಬಂದಿದೆ. ಡೆಸ್ಮಂಡ್ ನೋರೀನರ ಡಬ್ಬಿಯ ಬಳಿ ನಿಂತಿದ್ದಾರೆ, ಬೆರಳು ಗುಂಡಿಯ ಮೇಲಿದೆ. ಒತ್ತಿದರೆ ಹುಡುಗಿ ಹೋಗಿ ಗಡಿಯಾರ ಬರುತ್ತದೆ. ಗೋಪುರದಲ್ಲಿ ದುಡಿದ ಅಷ್ಟು ವರ್ಷ ಒಂದು ಗಳಿಗೆಯೂ ತಡಮಾಡಿದವರಲ್ಲ. ಕೈಗಡಿಯಾರ ನೋಡುತ್ತಾರೆ, ಕುಣಿಯುವವರನ್ನು ನೋಡುತ್ತಾರೆ. ಆಮೇಲೆ ಗಂಟಲು ಸರಿಮಾಡಿಕೊಂಡು, ಹಳೆಯ ಉದ್ಘೋಷಕರ ಗಂಭೀರ ದನಿಯಲ್ಲಿ ಹೇಳುತ್ತಾರೆ: "ತಾಂತ್ರಿಕ ಕಾರಣಗಳಿಂದ ಇಂದಿನ ಪ್ರಸಾರ ತಡವಾಗಿ ಆರಂಭವಾಗುತ್ತದೆ. ಅಡಚಣೆಗಾಗಿ ವಿಷಾದಿಸುತ್ತೇವೆ."

ಸಭೆ ಹೋ ಎಂದು ನಕ್ಕು ಇನ್ನೊಂದು ಸುತ್ತು ಚಹಾಕ್ಕೆ ಎದ್ದಿತು. ಆ ದಿನ ನಿಲಯ ಶುರುವಾಗಲೇ ಇಲ್ಲ.

ಈಗ ಟೀವಿ ಆಕ್ರಾಯ್ಡರ ಮನೆಯ ಮುಂಗೋಣೆಯಲ್ಲಿದೆ, ಡಬ್ಬಿಯ ಸಮೇತ. ಆದರೆ ನೋರೀನ್ ಹಾಕಿದ ಒಳ್ಳೆಯ ವಾಲ್ವು ತನ್ನ ಪಾಡಿಗೆ ತಾನು ಚಿತ್ರವನ್ನು ಮೇಲೆತ್ತುತ್ತದೆ. ವಾರ ಕಳೆಯುವಷ್ಟರಲ್ಲಿ ವೃತ್ತ ದುಂಡಗಾಗಲು ಹವಣಿಸುತ್ತದೆ. ಹಾಗಾಗಿ ಪ್ರತಿ ಸೋಮವಾರ ಮಾರುಕಟ್ಟೆಗೆ ಹೋಗುವ ಮುನ್ನ ನೋರೀನ್ ಅವರ ಮನೆಯ ಬಾಗಿಲು ತಟ್ಟುತ್ತಾರೆ. ಬ್ರೆಡ್ಡು, ಬೆಣ್ಣೆ, ಚಹಾ ಕಾದಿರುತ್ತವೆ.

"ಆಯುಷ್ಯ ಪೂರ್ತಿ ಸರಿ ಮಾಡು ಬಾ ಅಂತ ಕರದ್ರು. ಕೆಡಸು ಬಾ ಅಂತ ಕರಿಯೋರು ಇವ್ರೊಬ್ಬರ" ಎಂದು ನಗುತ್ತಾರೆ, ಚೀಲ ಹೆಗಲಿಗೇರಿಸುತ್ತಾ.

ಇನ್ನೇನು ಆಸೆ ಉಳಿದಿದೆ ಎಂದು ಕೇಳುತ್ತೇನೆ. ದೊಡ್ಡ ಮಳಿಗೆ, ಕೈಕೆಳಗೆ ಇಬ್ಬರು, ಅಂಥದ್ದೇನಾದರೂ ಹೇಳಬಹುದು ಅಂದುಕೊಂಡಿದ್ದೆ. ನೋರೀನ್ ಕಲೆಗಟ್ಟಿದ ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಚ್ಚಿ ನೋಡಿಕೊಳ್ಳುತ್ತಾರೆ.

"ಏನಿಲ್ಲೋ ಬಂಗಾರಾ. ಈ ಕೈ ನಡೆಯೂ ತನಕ ಆ ಹುಡುಗಿ ಸೊರಗಬಾರ್ದು. ಅಷ್ಟ."