ಮೂಲೆಯಲ್ಲಿದ್ದ ಎಂಟು ಗಂಟೆ

ಆ ಮಧ್ಯಾಹ್ನ ಮಳೆ ಬರುತ್ತದೆಂದು ಹೇಗೆ ಗೊತ್ತಾಯಿತು ಎನ್ನುವುದು ಬಹಳ ಕಾಲ ನನಗೇ ಖಚಿತವಿರಲಿಲ್ಲ. ಅಕ್ಕ ಹೇಳುವ ಕತೆಯಲ್ಲಿ ನಾನು ಮೊಬೈಲ್ ನೋಡಿ, ಲೆಕ್ಕ ಹಾಕಿ, ಹಪ್ಪಳ ಉಳಿಸಿದ ಜಾಣ. ಆದರೆ ನಾನು ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿದವನು. ಒಬ್ಬನೇ ಸಾಕ್ಷಿಯಿರುವ ಕತೆಯನ್ನು ನಂಬಬಾರದೆಂದು ಕಲಿತಿದ್ದೇನೆ, ಆ ಸಾಕ್ಷಿ ನಾನೇ ಆದರೂ. ಲೆಕ್ಕ ನನ್ನದಲ್ಲ, ಯಾರೋ ಹೇಳಿಕೊಟ್ಟದ್ದು ಎಂದು ಒಂದು ಮಸುಕು ನೆನಪು. ಆ ಯಾರೋ ನಿಜವಾಗಿ ಇದ್ದರೇ ಎಂಬುದೂ ಅನುಮಾನವಿತ್ತು.

ರಿಪ್ಪನ್‌ಪೇಟೆಯ ಅಕ್ಕನ ಮನೆಯಲ್ಲಿ ಅಂದು ಹಲಸಿನ ಹಪ್ಪಳದ ಸರದಿ. ಆ ಕೇರಿಯ ಹೆಂಗಸರು ದಿನಕ್ಕೊಂದು ಮನೆಯಂತೆ ಸೇರಿ, ಬೇಯಿಸಿದ ತೊಳೆ ಕುಟ್ಟಿ, ಉಂಡೆ ಕಟ್ಟಿ, ಹಪ್ಪಳ ಒತ್ತಿ ಕೊಡುತ್ತಾರೆ. ಅಕ್ಕನದು ಕೊನೆಯ ಸರದಿ. ಹಪ್ಪಳ ಮಳೆಗೆ ನೆನೆದರೆ ಮತ್ತೆ ಒತ್ತುವ ಜನವೂ ಇಲ್ಲ, ಬಲಿತ ಕಾಯಿಯೂ ಇಲ್ಲ; ಮನೆಗೆ ಆ ವರ್ಷದ ಹಪ್ಪಳವೇ ಇಲ್ಲ. ತಾರಸಿಯ ತುಂಬ ಚಾಪೆ ಹಾಸಿ ಹರವಿದ್ದರು. ಸಾಗರದಿಂದ ಬಂದಿದ್ದ ನನ್ನನ್ನು ಕೋಲು, ಕೊಡೆ ಕೊಟ್ಟು ಕಾಗೆ ಕಾಯಲು ಕೂರಿಸಿದರು.

ನನಗೆ ಆಗ ಹವಾಮಾನದ ಹುಚ್ಚು. ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುವ ಪಾಠ, ಗಾಳಿಯ ಓಟವನ್ನು ಬಾಣಗಳಲ್ಲಿ ತೋರಿಸುವ ನಕ್ಷೆ, ಉಪಗ್ರಹದ ಚಿತ್ರ, ಯಾವುದನ್ನೂ ಬಿಡುತ್ತಿರಲಿಲ್ಲ. ಕಾಗೆ ಓಡಿಸುತ್ತಲೇ ಉಪಗ್ರಹದ ಚಿತ್ರ ತೆರೆದರೆ ಮೇಗರವಳ್ಳಿಯಿಂದ ತೀರ್ಥಹಳ್ಳಿಯವರೆಗೆ ಮೋಡದ ಬಿಳಿ ಮುದ್ದೆ. ಮೂಲೆಯಲ್ಲಿ ಸಮಯ ಎಂಟು ಗಂಟೆ. ಬೆಳಗಿನ ಹಳಸಲು ಚಿತ್ರ ಎಂದು ಮೊಬೈಲ್ ಕೆಳಗಿಟ್ಟೆ. ತಲೆ ಮೇಲೆ ಸುಡುಬಿಸಿಲು.

ಆಮೇಲೆ ಹೊಳೆಯಿತು: ಆ ಗಡಿಯಾರ ನಮ್ಮದಲ್ಲ, ಇಂಗ್ಲೆಂಡಿನ ಗ್ರೀನಿಚ್ಚಿನದು. ಐದೂವರೆ ಗಂಟೆ ಕೂಡಿಸಬೇಕು. ಅಂದರೆ ಮಧ್ಯಾಹ್ನ ಒಂದೂವರೆ, ಚಿತ್ರ ಈಗಷ್ಟೇ ತೆಗೆದದ್ದು. ನಕ್ಷೆ ತೆರೆದೆ, ಬಾಣಗಳೆಲ್ಲ ನಮ್ಮ ಕಡೆಗೇ ಇದ್ದವು.

“ಅಕ್ಕಾ, ಚಾಪೆ ಒಳಗೆ ತಗಳಿ. ಮಳೆ ಬತ್ತಾ ಇದ್ದು.”

“ಎಂತ ಮಾರಾಯ, ಬಿಸಿಲು ಹೀಂಗೆ ಸುಡ್ತಾ ಇದ್ದು. ಒಂದು ಮೋಡನೂ ಇಲ್ಲೆ.”

ಪಕ್ಕದ ಮನೆಯಾಕೆ ನಕ್ಕರು. “ಕಾಗೆ ಕಾಯೋಕ್ ಕೂರ್ಸಿದ್ರೆ ನಿಮ್ಮ ತಮ್ಮ ಮೋಡ ಕಾಯ್ತಿದಾರಲ್ಲ. ಸುಳ್ಳಾದ್ರೆ ಚಾಪೆ ವಾಪಸ್ ಹೊರೋದೂ ಅವ್ರೇ, ಆಯ್ತಾ?”

“ಹೊರ್ತೀನಿ,” ಎಂದೆ.

ಅಕ್ಕ ನನ್ನ ಮುಖವನ್ನೇ ನೋಡಿ, “ಹೋಗ್ಲಿ, ಎತ್ತನ. ಇವಂಗೆ ಸಣ್ಣ ಇಪ್ಪಾಗಿಂದ ಬಿಸಿಲಿನ ಮೇಲೂ ಅನುಮಾನ,” ಎಂದಳು.

ಕೊನೆಯ ಚಾಪೆ ಒಳಗೆ ಹೋದ ಮೇಲೆ ಗುಡುಗಿತೋ, ಗುಡುಗು ಕೇಳಿಯೇ ನಾವು ಓಡಿದೆವೋ, ಈಗ ಹೇಳಲಾರೆ. ಮಳೆ ಸುರಿಯಿತು, ಹಪ್ಪಳ ನೆನೆಯಲಿಲ್ಲ. ಆ ವರ್ಷವಿಡೀ ಅಕ್ಕನ ಮನೆಯಲ್ಲಿ ನನ್ನ ಎಲೆಗೆ ಒಂದು ಹಪ್ಪಳ ಹೆಚ್ಚು ಬೀಳುತ್ತಿತ್ತು. ಮುರಿಯುವಾಗಲೆಲ್ಲ ಇದು ಬೇರೆ ಯಾರಿಗೋ ಸೇರಬೇಕಾದ್ದು ಅನ್ನಿಸುತ್ತಿತ್ತು.

ಕಳೆದ ತಿಂಗಳು ಆ ಪಾಠದ ವಿಡಿಯೋಗಳನ್ನು ಮತ್ತೆ ಹುಡುಕಿದೆ. ಒಂದರ ಕೆಳಗೆ ಯಾರೋ ಕೇಳಿದ್ದರು: ಈ ಚಿತ್ರಗಳು ಯಾವಾಗಲೂ ಹಳೆಯವೇ ಯಾಕೆ? ಗುರುತು ಪರಿಚಯವಿಲ್ಲದ ಒಬ್ಬರು ಗ್ರೀನಿಚ್, ಐದೂವರೆ ಗಂಟೆ, ಎಲ್ಲವನ್ನೂ ಕನ್ನಡದಲ್ಲಿ ತಾಳ್ಮೆಯಿಂದ ಬಿಡಿಸಿ ಹೇಳಿದ್ದರು. ಹೆಸರು ನೋಡಿದರೆ, ಪ್ರಶ್ನೆ ಕೇಳಿದವನು ನಾನೇ. ಉತ್ತರದ ಕೆಳಗೆ ನನ್ನ ಧನ್ಯವಾದವೂ ಇತ್ತು. ದಿನಾಂಕ ನೋಡಿದೆ, ಹಪ್ಪಳದ ದಿನಕ್ಕಿಂತ ಮುಂಚಿನದು.