ಹಳದಿ ಪೆನ್ನು ಮತ್ತು ಅಮ್ಮನ ಹುಬ್ಬು

ಹೈಲೈಟರ್ ಪೆನ್ನು ಕಂಡುಹಿಡಿದ ಮಹಾನುಭಾವ ಖಂಡಿತ ವೈದ್ಯಕೀಯ ಓದಿದವನಲ್ಲ. ಮುಖ್ಯವಾದ ಸಾಲಿಗೆ ಮಾತ್ರ ಹಳದಿ ಬಳಿಯಬೇಕೆಂಬ ಅವನ ಸದುದ್ದೇಶ ನನ್ನ ಪುಸ್ತಕಗಳಲ್ಲಿ ಮಣ್ಣುಪಾಲಾಗಿದೆ. ಮೊದಲ ಓದಿನಲ್ಲಿ ಮುಖ್ಯವೆನಿಸಿದ್ದಕ್ಕೆ, ಎರಡನೆಯದರಲ್ಲಿ ಮರೆತುಹೋದದ್ದಕ್ಕೆ, ಮೂರನೆಯದರಲ್ಲಿ ಪಾಪ ಇದೊಂದು ಬಿಟ್ಟುಹೋಗಿದೆಯಲ್ಲ ಎಂಬ ಕನಿಕರಕ್ಕೆ ಬಳಿದು ಬಳಿದು, ಪಿಜಿ ಪ್ರವೇಶ ಪರೀಕ್ಷೆಗೆ ಒಂದು ವಾರವಿದೆ ಎನ್ನುವಾಗ ಪುಸ್ತಕಕ್ಕೆ ಪುಸ್ತಕವೇ ಕಾಮಾಲೆ ಹಿಡಿದು ಮಲಗಿತ್ತು. ಕೊನೆಯ ವಾರ ಹಳದಿ ಸಾಲುಗಳನ್ನಷ್ಟೇ ಓದುವುದು ನಮ್ಮವರ ಸಂಪ್ರದಾಯ. ನನ್ನ ಪಾಲಿಗೆ ಅದರರ್ಥ, ಎಲ್ಲವನ್ನೂ ಮೊದಲಿನಿಂದ ಓದುವುದು.

ಇದು ನನ್ನ ಮೂರನೇ ಯತ್ನ ಎಂಬುದನ್ನು ನಿಮ್ಮ ಕಿವಿಯಲ್ಲಷ್ಟೇ ಹೇಳುತ್ತೇನೆ. ವಿಜಯನಗರದ ನಮ್ಮ ಬೀದಿಗೆ ಆಗಲೇ ಗೊತ್ತಿದೆ. ಈ ಸಲವೂ ಸೀಟು ಸಿಗದಿದ್ದರೆ ಪುಸ್ತಕ ಮುಚ್ಚಿ ಲಗ್ಗೆರೆಯ ಒಂದು ನರ್ಸಿಂಗ್ ಹೋಮಿಗೆ ಡ್ಯೂಟಿ ಡಾಕ್ಟರಾಗಿ ಸೇರುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಹಾಗಾಗಿ ನನ್ನನ್ನು ಓದಿಸುವ ಹೊಣೆ ಅಮ್ಮನೇ ಹೊತ್ತಳು.

ಹೈಸ್ಕೂಲು ಮಕ್ಕಳಿಗೆ ಟ್ಯೂಷನ್ ಹೇಳುವ ಅಮ್ಮ ಬೆಳಗ್ಗೆ ಪೂಜೆ ಮುಗಿಸಿ, ಕಾಫಿ ಲೋಟ ನನ್ನ ಮುಂದಿಟ್ಟು, ಪ್ರಶ್ನೆಗಳ ಪುಸ್ತಕ ಹಿಡಿದು ಕೂರುವಳು. ಬೆರಳಿನ ವಿಭೂತಿ ನನ್ನ ಹಳದಿಯ ಮೇಲೆ ಬಿಳಿ ಗೆರೆ ಎಳೆಯುವುದು. ಇಂಗ್ಲಿಷ್ ಪ್ರಶ್ನೆಯನ್ನು ಅವಳು ಕನ್ನಡ ಮಾಡಿ ಓದುವುದು, ಆಯ್ಕೆಗಳು ಬರುವ ಮುಂಚೆಯೇ ನಾನು ಉತ್ತರ ಒದರುವುದು. ಆದರೆ ನನ್ನ ಮಿಂಚಿನ ವೇಗಕ್ಕೆ ಅವಳ ಓದು ಸಾಲದು. ದನಿ ಗೊಗ್ಗರು, ನಡುನಡುವೆ ತೂಕಡಿಕೆ, ಬೇಸಿಗೆ ಬಿಸಿಲಲ್ಲೂ ಮೈಮೇಲೆ ಸ್ವೆಟರ್.

"ಗಂಟಲು ಸರಿ ಮಾಡ್ಕೊಂಡು ಓದಮ್ಮ, ಹಳೇ ರೇಡಿಯೋ ತರ ಇದೆ," ಎಂದು ನಾನು ಗದರಿದ್ದೆ. "ಊರೆಲ್ಲ ಬೇಯ್ತಿದ್ರೆ ನೀನೊಬ್ಳು ಊಟಿಲಿದೀಯ."

ನಂದಿನಿ ಲೇಔಟಿನ ಮದುವೆಗೆ ಹೊರಟವಳು ಹುಬ್ಬಿನ ತುದಿಗೆ ಪೆನ್ಸಿಲ್ ತೀಡುತ್ತಿದ್ದಾಗಲೂ, ಇದೇನು ಈ ವಯಸ್ಸಿನಲ್ಲಿ ಚಿತ್ರಕಲೆ ಎಂದು ಕೆಣಕಿದ್ದೆ.

"ನೀನು ಓದೋದು ನೋಡ್ಕೊ. ನನ್ನ ಹುಬ್ಬೇನು ಪರೀಕ್ಷೆಗೆ ಬರಲ್ಲ," ಅಂದಿದ್ದಳು.

ಐದನೆಯ ದಿನ ಈ ಪ್ರಶ್ನೆ ಬಂತು.

"ಐವತ್ತೆರಡು ವರ್ಷದ ಹೆಂಗಸು. ಯಾವಾಗ್ಲೂ ಸುಸ್ತು, ಚಳಿ ತಡ್ಯಲ್ಲ, ದನಿ ಒಡೆದಿದೆ, ಹುಬ್ಬಿನ ಹೊರತುದಿ ಉದುರಿದೆ..."

"ಹೈಪೋಥೈರಾಯ್ಡ್. ಥೈರಾಯ್ಡ್ ಗ್ರಂಥಿ ಸರಿಯಾಗಿ ಕೆಲ್ಸ ಮಾಡ್ತಿಲ್ಲ. ಮುಂದಿಂದು ಓದು."

ಅಮ್ಮನ ಬೆರಳು ಅದೇ ಸಾಲಿನ ಮೇಲೆ ನಿಂತಿತ್ತು.

"ಈಯಮ್ಮಂಗೂ ಹುಬ್ಬು ಹೋಗಿದೆಯಂತೆ ಕಣೋ," ಎಂದಳು.

ತಲೆಯೆತ್ತಿ ನೋಡಿದೆ. ಊದಿದ ಕಣ್ರೆಪ್ಪೆ, ಒಣಗಿದ ಕೆನ್ನೆ, ಅರ್ಧಕ್ಕೇ ನಿಂತ ಹುಬ್ಬು. ಬೀದಿಯ ಆಂಟಿಯರ ಬಿಪಿ, ಅಂಕಲ್‌ಗಳ ಸಕ್ಕರೆ ಎಲ್ಲಕ್ಕೂ ಕರೆಯದೆಯೇ ಹೋಗಿ ಉಪದೇಶ ಕೊಡುತ್ತಿದ್ದವನು ನಾನು. ಇದೇ ಮುಖವನ್ನು ಪಕ್ಕದಲ್ಲೊಂದು ಬಾಣದ ಗುರುತಿಟ್ಟು ಪುಸ್ತಕದಲ್ಲಿ ಅಚ್ಚು ಹಾಕಿದ್ದರೆ ಮೂರು ಸೆಕೆಂಡಿನಲ್ಲಿ ಗುರುತಿಸುತ್ತಿದ್ದೆ. ಕಾಫಿ ಲೋಟ ಹಿಡಿದು ಬಂದಿತ್ತು, ಗುರುತಿಸಲಿಲ್ಲ.

"ಎಷ್ಟು ದಿನದಿಂದಮ್ಮ?"

"ದೀಪಾವಳಿಯಿಂದ."

"ಹೇಳ್ಬಾರ್ದಾ?"

"ಮನೇಲೇ ಡಾಕ್ಟ್ರಿದಾನೆ. ಅವನ ಕಣ್ಣಿಗೇ ಬಿದ್ದಿಲ್ಲ ಅಂದ್ರೆ ಏನೂ ಇಲ್ಲ ಅಂದ್ಕೊಂಡೆ."

ವ್ಯಂಗ್ಯವಾಗಿ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು, ನೋಡಿ. ಅವಳು ನಂಬಿಕೆಯಿಂದ ಹೇಳಿದಳು.

ಅವತ್ತೇ ಮಾರೇನಹಳ್ಳಿಯ ಲ್ಯಾಬಿನಲ್ಲಿ ರಕ್ತ ಕೊಟ್ಟೆವು. ಮರುದಿನ ರಿಪೋರ್ಟು ಬಂತು, ಅದನ್ನು ನೋಡಿದ ವೈದ್ಯರು ದಿನವೂ ಖಾಲಿ ಹೊಟ್ಟೆಗೊಂದು ಮಾತ್ರೆ ಬರೆದರು. ಮನೆಗೆ ಬಂದು, ಅಮ್ಮನಿಗೆ ತೋರಿಸಲೆಂದು ರಿಪೋರ್ಟನ್ನು ಮೇಜಿನ ಮೇಲೆ ಹರಡಿದೆ. ಇಡೀ ಹಾಳೆಯಲ್ಲಿ ಒಂದೇ ಒಂದು ಸಾಲು ಅಳತೆ ಮೀರಿತ್ತು. ಹೈಲೈಟರ್ ತೆಗೆದು ಎಳೆದೆ. ಬೇಕಿದ್ದಕ್ಕೂ ಬೇಡದ್ದಕ್ಕೂ ಬಳಿದು ಒಣಗಿದ್ದ ಪೆನ್ನು ಮೂಡಲಿಲ್ಲ. ಮೂರನೇ ಸಲ ಒತ್ತಿ ಎಳೆದಾಗ ಸಣ್ಣಗೆ ಹಳದಿಯಾಯಿತು.

"ಇದೊಂದೇನಾ ಮುಖ್ಯ?" ಅಮ್ಮ ಕೇಳಿದಳು.

"ಇದೊಂದೇ."

"ಸರಿ, ಮಾತ್ರೆ ತಗೋತೀನಿ ಬಿಡು." ಸ್ವೆಟರಿನ ಗುಂಡಿ ಹಾಕಿಕೊಂಡು ಪುಸ್ತಕ ಎಳೆದುಕೊಂಡಳು. ಪರೀಕ್ಷೆಗೆ ಇನ್ನೊಂದೇ ದಿನವಿತ್ತು. "ಮುಂದಿಂದು ಓದ್ಲಾ?"

"ಓದಮ್ಮ," ಎಂದೆ. "ನಿಧಾನಕ್ಕೆ ಓದು."