ಬೀಗರು ಕೊಟ್ಟ ಕುದುರೆ

ನಾನಿರುವುದು ಕೊಳ್ಳೇಗಾಲದಲ್ಲಿ, ಮಗಳ ಮಾವನವರಾದ ಬೀಗರು ಲೊಕ್ಕನಹಳ್ಳಿಯಲ್ಲಿ. ಇಬ್ಬರ ಕೈಯಲ್ಲೂ ಫೋನಿದ್ದರೂ ನಮ್ಮ ಚೆಸ್ ನಡೆಯುವುದು ಅಂಚೆ ಕಾರ್ಡಿನಲ್ಲಿ. ಒಂದು ಕಾರ್ಡಿಗೆ ಒಂದು ನಡೆ. ಕಳೆದ ಆಟವನ್ನು ನಾನು ಕಿಂಗ್ಸ್ ಗ್ಯಾಂಬಿಟ್‌ನಿಂದ ಶುರುಮಾಡಿದೆ. ಅದರಲ್ಲಿ ಮೊದಲಿಗೇ ಒಂದು ಕಾಲಾಳನ್ನು ಪುಕ್ಕಟೆ ಬಿಟ್ಟುಕೊಟ್ಟು ಎದುರಾಳಿಗೆ ಆಸೆ ತೋರಿಸುತ್ತೇವೆ. ಬೀಗರು ಅದನ್ನು ಹೊಡೆದರು.

ಆಮೇಲೊಂದು ಕಾರ್ಡಿನಲ್ಲಿ ಅವರೇ ತಮ್ಮ ಕುದುರೆಯನ್ನು ತಂದು ನನ್ನ ಬಾಯಿಗೆ ಕೊಟ್ಟಿದ್ದರು. ನಮ್ಮ ಕಡೆ ಬೀಗರ ಮನೆಯಿಂದ ತಿಂಡಿ ಬಂದ ಡಬ್ಬಿಯನ್ನು ಬರಿದಾಗಿ ಕಳಿಸುವುದಿಲ್ಲ, ಒಂದು ಹಿಡಿ ಸಕ್ಕರೆಯನ್ನಾದರೂ ಹಾಕುತ್ತೇವೆ. ಇದೂ ಹಾಗೇ ಎಂದುಕೊಂಡು ಕುದುರೆಯನ್ನು ಹೊಡೆದೆ. ಮುಂದಿನ ಕಾರ್ಡಿನಲ್ಲಿ ನನ್ನ ರಾಜನಿಗೆ ಚೆಕ್‌ಮೇಟ್.

ಫೋನ್ ಮಾಡಿ ರೇಗಿದೆ. "ಮರ್ಯಾದೆಗೆ ಕೊಟ್ರಿ ಅನ್ಕಂಡಿದ್ದೆ ಕಣ್ರೀ!"

"ನೀವು ಕಾಲಾಳು ಕೊಟ್ಟಿದ್ದು ಮರ್ಯಾದೆಗಾ ಬೀಗ್ರೇ?" ಅಂದರು.